ಕಣ್ಣು ಯಾರದ್ದೋ ಲೆಕ್ಕಾನೂ ಅವರದ್ದೇ

(ಯೌವನಸ್ಥರು, ಪೋಷಕರು ಮತ್ತು ಚರ್ಚ್ ಸಭೆಯ ಹಿರಿಯರು ಸೇರಿದ್ದ ಕೂಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ಕೂಟಕ್ಕೆ ಕರೆದಾಗ ಕಮಿಟಿಯವರು ನನಗೆ ಹೇಳಿದ್ದು ಇಷ್ಟೇ, ಮೇಡಂ, ನಮ್ಮ ಹೆಣ್ಮಕ್ಕಳಿಗೆ ಬಟ್ಟೆ ವಿಷಯದಲ್ಲಿ ಸ್ವಲ್ಪ ಬುದ್ಧಿ ಹೇಳಿ ಅಂತ. ಆಯ್ತು ಹೇಳ್ತೀನಿ ಅಂದೆ, ಆದ್ರೆ ಹುಡುಗರೂ ಇರಬೇಕು, ಅಪ್ಪ ಅಮ್ಮಂದಿರೂ ಇರಬೇಕು, ಎಲ್ಡರ್ಸ್ ಎಲ್ಲಾ ಮುಂದಿನ ಸಾಲಲ್ಲೇ ಕೂತಿರಬೇಕು ಅಂತ ಕೇಳ್ಕೊಂಡೆ. ಯಾಕಂದ್ರೆ ಈ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಅರ್ಧ ಜನಕ್ಕೆ ಮಾತ್ರ ಪಾಠ ಆಗ್ತಾ ಬಂದಿದೆ. ಯೌವನಸ್ಥರ ಕೂಟ ಅಂದ್ರೆ ಹುಡುಗಿಯರನ್ನ ಬೇರೆ ರೂಮಿಗೆ ಕರ್ಕೊಂಡು ಹೋಗಿ ದುಪಟ್ಟಾ, ಸ್ಲೀವ್ಸು, ಲೆಗ್ಗಿಂಗ್ಸು, ಕ್ವಯರಲ್ಲಿ ನಿಂತಾಗ ಹೇಗೆ ನಿಲ್ಲಬೇಕು ಅಂತ ಒಂದು ಗಂಟೆ ಕ್ಲಾಸು, ಅದೇ ಟೈಮಲ್ಲಿ ಹುಡುಗರಿಗೆ ಕರಿಯರ್ ಗೈಡೆನ್ಸ್. ಇದನ್ನ ನೀವೆಲ್ಲಾ ನೋಡಿದೀರಿ.

ನಾನು ಮೊದಲೇ ಹೇಳಿಬಿಡ್ತೀನಿ, ನನಗೆ ಮರ್ಯಾದೆಯಾಗಿ ಉಡೋದು ಮುಖ್ಯ. ಆರಾಧನೆಗೆ ಬರುವಾಗ ತಲೆ ಮೇಲೆ ಸೆರಗು ಹಾಕ್ಕೊಂಡೇ ಬೆಳೆದವಳು ನಾನು, ಈಗಲೂ ಹಾಕ್ಕೋತೀನಿ, ಅದು ನನಗೆ ಇಷ್ಟ. ಆದ್ರೆ ಪಕ್ಕದಲ್ಲಿ ಕೂತವರ ಮನಸ್ಸಿನ ಕಾವಲು ನನ್ನ ಸೆರಗಿನ ಕೆಲಸ ಅಂತ ಯಾರಾದ್ರೂ ಹೇಳಿದ್ರೆ ಅದನ್ನ ನಾನು ಒಪ್ಪಲ್ಲ. ಸತ್ಯವೇದ, ಅಂದ್ರೆ ಬೈಬಲ್, ಅದನ್ನ ಹೇಳಲ್ಲ ಅನ್ನೋದೇ ನನ್ನ ಇವತ್ತಿನ ಮಾತು.

ಮತ್ತಾಯ 5ನೇ ಅಧ್ಯಾಯ ತೆಗೀರಿ, 27ರಿಂದ 30. ಒಬ್ಬ ಹೆಂಗಸನ್ನ ಮೋಹದಿಂದ ನೋಡೋ ಗಂಡಸು ಆಗಲೇ ಮನಸ್ಸಲ್ಲಿ ವ್ಯಭಿಚಾರ ಮಾಡಿದ ಹಾಗೆ ಅಂತ ಯೇಸು ಹೇಳ್ತಾರೆ. ಇಷ್ಟು ನಮಗೆಲ್ಲಾ ಬಾಯಿಪಾಠ. ಅದಾದ ಮೇಲಿನ ಮಾತು ಗಮನಿಸಿ. ಹಾಗಾದ್ರೆ ಏನ್ ಮಾಡಬೇಕು? ಅವಳಿಗೆ ಇನ್ನೊಂದು ಬಟ್ಟೆ ಹೊದಿಸಿ ಅಂದ್ರಾ? ಅವಳನ್ನ ಹಿಂದಿನ ಸಾಲಲ್ಲಿ ಕೂರಿಸಿ ಅಂದ್ರಾ? ಇಲ್ಲ. ನಿನ್ನ ಬಲಗಣ್ಣು ನಿನ್ನನ್ನ ಪಾಪಕ್ಕೆ ಎಳೆದ್ರೆ ಆ ಕಣ್ಣನ್ನ ಕಿತ್ತು ಬಿಸಾಕು ಅಂದ್ರು. ನಿನ್ನ ಕಣ್ಣು, ನಿನ್ನ ಕೈ. ಆ ಹೆಂಗಸು ಏನು ಉಟ್ಟಿದ್ಲು ಅನ್ನೋದು ಆ ಇಡೀ ಭಾಗದಲ್ಲಿ ಎಲ್ಲೂ ಇಲ್ಲ, ಅವಳು ಮುಚ್ಚಿಕೊಂಡಿದ್ಲೋ ಇಲ್ವೋ ಅಂತ ಕರ್ತನು ಒಂದು ಮಾತೂ ಕೇಳಲಿಲ್ಲ.

ಇನ್ನು ಯಾಕೋಬನ ಪತ್ರಿಕೆ 1:14. ಪ್ರತಿಯೊಬ್ಬನೂ ಶೋಧನೆಗೆ, ಅಂದ್ರೆ ಪಾಪದ ಸೆಳೆತಕ್ಕೆ, ಒಳಗಾಗೋದು ತನ್ನ ಒಳಗಿನ ಆಸೆ ಎಳೆದಾಗ. ನಮ್ಮ ಕನ್ನಡ ನಾಡಲ್ಲಿ ಇದನ್ನ ಕೇಳಿದ್ರೆ ಯಾರಿಗೂ ಹೊಸದು ಅನ್ನಿಸಬಾರದು, 12ನೇ ಶತಮಾನದಲ್ಲೇ ಅಲ್ಲಮಪ್ರಭುಗಳು ಹೊನ್ನು ಮಾಯೆ ಅಲ್ಲ, ಹೆಣ್ಣು ಮಾಯೆ ಅಲ್ಲ, ಮಣ್ಣು ಮಾಯೆ ಅಲ್ಲ, ಮನದ ಮುಂದಿನ ಆಸೆಯೇ ಮಾಯೆ ಅಂತ ಹೇಳಿ ಹೋಗಿದಾರೆ. ನಾನು ಸ್ಕೂಲಲ್ಲಿ ಕನ್ನಡ ಪಾಠ ಮಾಡ್ತಿದ್ದವಳು, ಆ ವಚನ ಕ್ಲಾಸಲ್ಲಿ ಬಂದಾಗಲೆಲ್ಲಾ ನನಗೆ ಯಾಕೋಬನೇ ನೆನಪಾಗ್ತಿದ್ದ.

ಆದ್ರೂ ಬೆರಳು ಆ ಕಡೆ ತೋರಿಸೋ ಅಭ್ಯಾಸ ಏದೆನ್ ತೋಟದಿಂದ ಬಂದಿದೆ. ದೇವರು ಆದಾಮನನ್ನ ಕೇಳಿದ್ರು ತಿಂದ್ಯಾ ಅಂತ. ಅವನು, ನೀನು ನನಗೆ ಕೊಟ್ಟ ಹೆಂಗಸು ಕೊಟ್ಲು, ತಿಂದೆ ಅಂದ. ಒಂದೇ ವಾಕ್ಯದಲ್ಲಿ ಹೆಂಡತಿ ಮೇಲೂ ಹಾಕಿದ, ದೇವರ ಮೇಲೂ ಹಾಕಿದ. ಹವ್ವನೂ ಸರ್ಪದ ಮೇಲೆ ಹಾಕಿದಳು ಅನ್ನೋದನ್ನೂ ಮರೆಯೋದು ಬೇಡ. ದೇವರು ಮಾತ್ರ ಇಬ್ಬರಿಗೂ ಅವರವರ ಲೆಕ್ಕ ಬೇರೆ ಬೇರೆಯಾಗೇ ಕೇಳಿದ್ರು.

ಈಗ ರಾಜ ದಾವೀದನ ಕತೆಗೆ ಬರೋಣ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು ಯಾಕಂದ್ರೆ ನಾವು ಇದನ್ನ ತಪ್ಪಾಗೇ ಹೇಳ್ಕೊಂಡು ಬಂದಿದೀವಿ. ಬತ್ಷೆಬೆ ಎಲ್ಲಿ ಸ್ನಾನ ಮಾಡ್ತಿದ್ಲು? (ಸಭೆಯಿಂದ: ಮಾಳಿಗೆ ಮೇಲೆ.) ನೋಡಿ, ಎಲ್ಲರೂ ಇದನ್ನೇ ಹೇಳ್ತಾರೆ. 2 ಸಮುವೇಲ 11 ಓದಿ. ಮಾಳಿಗೆ ಮೇಲಿದ್ದವನು ರಾಜ. ಅವಳು ಎಲ್ಲಿದ್ಲು ಅಂತ ಬರೆದೇ ಇಲ್ಲ. ರಾಜರು ಯುದ್ಧಕ್ಕೆ ಹೋಗೋ ಕಾಲ, ಸೇನಾಪತಿ ಯೋವಾಬನನ್ನ, ಸೈನ್ಯವನ್ನ ಕಳಿಸಿ ತಾನು ಯೆರೂಸಲೇಮಲ್ಲೇ ಉಳ್ಕೊಂಡಿದಾನೆ, ಸಾಯಂಕಾಲ ಎದ್ದು ಅರಮನೆ ಮಾಳಿಗೆ ಮೇಲೆ ತಿರುಗಾಡ್ತಿದಾನೆ, ಅಲ್ಲಿಂದ ಕಂಡಿದೆ. ಅವಳು ಶುದ್ಧಿ ಮಾಡ್ಕೊಂಡಿದ್ಲು ಅಂತ ಅದೇ ಅಧ್ಯಾಯದಲ್ಲಿದೆ, ಅಂದ್ರೆ ಧರ್ಮಶಾಸ್ತ್ರ ಪಾಲಿಸ್ತಿದ್ದ ಹೆಂಗಸು. ಶತಮಾನಗಳಿಂದ ನಾವು ಪ್ರಸಂಗಗಳಲ್ಲಿ ಅವಳನ್ನ ಮಾಳಿಗೆ ಹತ್ತಿಸಿದೀವಿ, ರಾಜನನ್ನ ಕೆಳಗಿಳಿಸಿದೀವಿ.

ಕಂಡಿದ್ದರಲ್ಲಿ ಪಾಪ ಇರಲಿಲ್ಲ. ಕಂಡ ಮೇಲೆ ಏನೇನಾಯ್ತು ನೋಡಿ. ನಿಂತು ನೋಡಿದ. ಯಾರು ಅಂತ ವಿಚಾರಿಸಿದ. ಊರೀಯನ ಹೆಂಡತಿ ಅಂತ ಉತ್ತರ ಬಂತು, ಅಲ್ಲಿಗೆ ನಿಲ್ಲಿಸಬಹುದಿತ್ತು. ಆಳುಗಳನ್ನ ಕಳಿಸಿ ಕರೆಸಿಕೊಂಡ. ಅರಮನೆಯಿಂದ ಆಳುಗಳು ಬಾಗಿಲಿಗೆ ಬಂದು ನಿಂತಾಗ, ಗಂಡ ಯುದ್ಧದಲ್ಲಿದ್ದಾಗ, ಒಬ್ಬ ಹೆಂಗಸು ಬರಲ್ಲ ಅಂತ ಹೇಳೋಕಾಗ್ತಿತ್ತಾ? ಆಮೇಲೆ ಬಸಿರು, ಮುಚ್ಚಿಹಾಕೋ ಪ್ರಯತ್ನ, ಕೊನೆಗೆ ಊರೀಯನ ಕೊಲೆ. ಇಷ್ಟೆಲ್ಲಾ ಆದ ಮೇಲೆ ದೇವರು ಪ್ರವಾದಿ ನಾತಾನನನ್ನ ಕಳಿಸಿದ್ದು ಯಾರ ಹತ್ರ? ಬತ್ಷೆಬೆ ಹತ್ರ ಅಲ್ಲ. ನಾತಾನ ಹೇಳಿದ ಕತೇಲಿ ಐಶ್ವರ್ಯವಂತ ಒಬ್ಬ, ಬಡವ ಒಬ್ಬ, ಬಡವನ ಒಂದೇ ಒಂದು ಕುರಿಮರಿ, ಅದನ್ನ ಐಶ್ವರ್ಯವಂತ ಕಿತ್ಕೊಂಡ. ಆ ಕುರಿಮರಿ ಏನು ತಪ್ಪು ಮಾಡಿತ್ತು ಅಂತ ಕತೇಲಿ ಇಲ್ಲ. ಆ ಮನುಷ್ಯ ನೀನೇ ಅಂತ ರಾಜನ ಮುಖಕ್ಕೇ ಹೇಳಿದ. ಆಗ ದಾವೀದನನ್ನ ಮೆಚ್ಚಬೇಕಾದ್ದು ಒಂದಿದೆ, ಅವನು ನಾನು ಪಾಪ ಮಾಡಿದೀನಿ ಅಂದ. ಅವಳು ಅಲ್ಲಿ ಸ್ನಾನ ಮಾಡ್ತಿದ್ಲು ಅಂತ ಅನ್ನಲಿಲ್ಲ.

ಯೋಸೇಫನ ಕತೆ ನಿಮಗೆ ಗೊತ್ತೇ ಇದೆ, ಆದಿಕಾಂಡ 39. ಯಜಮಾನ ಪೋಟೀಫರನ ಹೆಂಡತಿ ಅವನನ್ನ ಹಾಸಿಗೆಗೆ ಕರೆದಳು. ಅಲ್ಲಿ ಅವಳದ್ದು ತಪ್ಪು, ಅದನ್ನ ಸತ್ಯವೇದ ಮುಚ್ಚಿಡಲ್ಲ, ಹೆಂಗಸರಿಗೂ ಮೋಹ ಇರುತ್ತೆ, ಅಧಿಕಾರ ಕೈಯಲ್ಲಿದ್ರೆ ಹೆಂಗಸರೂ ಅದನ್ನ ದುರುಪಯೋಗ ಮಾಡ್ತಾರೆ. ಯೋಸೇಫ ಆ ಮನೇಲಿ ಗುಲಾಮ, ಅಷ್ಟಿದ್ರೂ ನನ್ನ ಕೈಲಿ ಏನಿದೆ ಅಂತ ಅವನು ಕೂರಲಿಲ್ಲ. ಬಟ್ಟೆ ಅವಳ ಕೈಯಲ್ಲೇ ಬಿಟ್ಟು ಓಡಿದ. ಜೈಲಿಗೆ ಹೋದ.

ಹುಡುಗರೇ, ನಿಮಗೆ ಒಂದು ಮಾತು, ಇದನ್ನ ಅಮ್ಮನ ವಯಸ್ಸಿನವಳಾಗಿ ಹೇಳ್ತೀನಿ. ಚೆನ್ನಾಗಿರೋ ಹುಡುಗಿ ಕಣ್ಣಿಗೆ ಬಿದ್ರೆ ಚೆನ್ನಾಗಿದಾಳೆ ಅನ್ಸೋದು ಪಾಪ ಅಲ್ಲ. ದೇವರೇ ಕೊಟ್ಟ ಮನಸ್ಸು ಅದು. ಅದನ್ನೂ ಪಾಪ ಅಂದ್ಕೊಂಡು ನರಳೋ ಒಳ್ಳೆ ಹುಡುಗರು ನಮ್ಮ ಸಭೆಗಳಲ್ಲಿದಾರೆ, ಯಾರ ಹತ್ರಾನೂ ಹೇಳ್ಕೊಳ್ಳೋಕಾಗದೆ ಒಳಗೊಳಗೇ ಕೊರಗ್ತಾರೆ, ಕೆಲವರು ಕರ್ತನ ಭೋಜನ ತಗೊಳ್ಳೋದನ್ನೇ ಬಿಟ್ಟಿರ್ತಾರೆ. ನೋಡಿದ್ದು ಬೇರೆ, ನೋಡ್ತಾನೇ ಇರೋದು ಬೇರೆ. ಮನುಷ್ಯಳನ್ನ ಮರೆತು ಬರೀ ಮೈಯನ್ನ ಎತ್ಕೊಂಡು ಹೋಗಿ ತಲೆಯಲ್ಲಿ ಇಟ್ಕೊಳ್ಳೋದಿದೆಯಲ್ಲಾ, ಯೇಸು ಹೇಳಿದ್ದು ಅದು. ಯೋಬ 31ನೇ ಅಧ್ಯಾಯದಲ್ಲಿ ನನ್ನ ಕಣ್ಣುಗಳ ಜೊತೆ ಒಡಂಬಡಿಕೆ ಮಾಡ್ಕೊಂಡಿದೀನಿ ಅಂತಾನೆ. ಊರಿನ ಹುಡುಗಿಯರ ಜೊತೆ ಒಡಂಬಡಿಕೆ ಮಾಡ್ಕೊಂಡಿಲ್ಲ ಅವನು. ಇನ್ನು ಫೋನು. ಶನಿವಾರ ಮಧ್ಯರಾತ್ರಿ ರೂಮಿನ ಬಾಗಿಲು ಹಾಕ್ಕೊಂಡು ಫೋನಲ್ಲಿ ಏನು ನೋಡಿರ್ತೀರೋ ಅದು ಭಾನುವಾರ ಬೆಳಿಗ್ಗೆ ನಿಮ್ಮ ಕಣ್ಣಲ್ಲೇ ಚರ್ಚಿಗೆ ಬರುತ್ತೆ, ಆಮೇಲೆ ಪಾಪ ಕ್ವಯರಲ್ಲಿ ಹಾಡ್ತಿರೋ ಹುಡುಗಿಯ ತೋಳು ಕಂಡಿದ್ದೇ ತೊಂದರೆ ಆಯ್ತು ಅಂತ ಕಂಪ್ಲೇಂಟ್. ಆ ಹುಡುಗಿಗೂ ನಿಮ್ಮ ಫೋನಿಗೂ ಏನು ಸಂಬಂಧ ಹೇಳಿ.

ಹಳೇ ಕಾಲದ ಐಗುಪ್ತದ ಮರುಭೂಮಿ ಸನ್ಯಾಸಿಗಳ ಬಗ್ಗೆ ಒಂದು ಕತೆ ಇದೆ. ಒಬ್ಬ ಸನ್ಯಾಸಿ ದಾರೀಲಿ ಕನ್ಯಾಸ್ತ್ರೀಯರ ಗುಂಪು ಬರ್ತಿರೋದು ನೋಡಿ ದಾರಿ ಬಿಟ್ಟು ಆಚೆ ಸರಿದನಂತೆ. ಅವರ ಹಿರಿಯಮ್ಮ ಹೇಳಿದಳಂತೆ, ನೀನು ಪೂರ್ಣ ಸನ್ಯಾಸಿ ಆಗಿದ್ದಿದ್ರೆ ನಾವು ಹೆಂಗಸರು ಅಂತ ಗಮನಿಸ್ತಾನೇ ಇರ್ಲಿಲ್ಲ ಅಂತ. ಅಷ್ಟು ಪೂರ್ಣತೆ ನಮ್ಮಲ್ಲಿ ಯಾರಿಗೂ ಇಲ್ಲ ಬಿಡಿ, ಕಣ್ಣು ತಗ್ಗಿಸೋದೂ ಒಳ್ಳೇದೇ. ಆದ್ರೆ ದೂರ ಸರಿದ ತಕ್ಷಣ ಕೆಲಸ ಮುಗೀತು ಅಂದ್ಕೋಬೇಡಿ.

ಈಗ ಉಡುಪಿನ ವಿಷಯ, ಕಮಿಟಿಯವರಿಗೆ ಮಾತು ಕೊಟ್ಟಿದೀನಿ. ಎಲ್ಲರೂ ಎತ್ತೋದು ಪೌಲ ತಿಮೊಥೆಯನಿಗೆ ಬರೆದ ಪತ್ರಿಕೆಯ ಮಾತು, 1 ತಿಮೊಥೆಯ 2:9. ಹೆಂಗಸರು ಮರ್ಯಾದೆಯಾದ ಉಡುಪು ಉಡಬೇಕು ಅಂತ. ಪೂರ್ತಿ ಓದಿ. ಯಾವುದು ಬೇಡ ಅಂತಾನೆ ಪೌಲ? ಕೂದಲ ಹೆಣಿಗೆ, ಚಿನ್ನ, ಮುತ್ತು, ಬೆಲೆಬಾಳೋ ಬಟ್ಟೆ. ಆ ಪಟ್ಟಿಯಲ್ಲಿರೋದು ಸಿರಿವಂತಿಕೆಯ ಡೌಲು. ತಿಮೊಥೆಯ ಇದ್ದದ್ದು ಎಫೆಸದಲ್ಲಿ, ದೊಡ್ಡ ವ್ಯಾಪಾರದ ಪಟ್ಟಣ, ದುಡ್ಡಿದ್ದವರ ಪಕ್ಕದಲ್ಲೇ ದಾಸಿಯರೂ ಕೂತು ಪ್ರಾರ್ಥನೆ ಮಾಡ್ತಿದ್ದ ಸಭೆ. ಈಗ ನಮ್ಮ ಕ್ರಿಸ್ಮಸ್ ಆರಾಧನೆ ನೆನಪಿಸ್ಕೊಳ್ಳಿ. ಹದಿನೆಂಟು ವರ್ಷದ ಹುಡುಗಿ ಸ್ಲೀವ್‌ಲೆಸ್ ಹಾಕಿದ್ರೆ ಸ್ತ್ರೀಯರ ಸಂಘದಲ್ಲಿ ಮೀಟಿಂಗ್ ಆಗುತ್ತೆ, ಮೈತುಂಬಾ ಚಿನ್ನ ಹೇರ್ಕೊಂಡು ಕಾಂಜೀವರಂ ಸೀರೇಲಿ ಬಂದ್ರೆ ಎಷ್ಟು ಚೆನ್ನಾಗಿದೆ ಅಕ್ಕಾ ಎಲ್ಲಿ ತಗೊಂಡ್ರಿ ಅಂತೀವಿ. ಪೌಲ ಹೆಸರು ಹಿಡಿದು ಬೇಡ ಅಂದಿದ್ದು ಎರಡನೆಯದನ್ನ! ಹೊಸ ಸೀರೆ ಇಲ್ಲ ಅಂತ ಹಬ್ಬದ ದಿನ ಆರಾಧನೆಗೆ ಬರದೇ ಮನೇಲೇ ಕೂತ ತಂಗಿ ಒಬ್ಬಳಿದ್ರೂ ನಮ್ಮ ಉಡುಪು ಅವಳಿಗೆ ಅಡ್ಡಗಲ್ಲಾಯ್ತು. ಅದರ ಹಿಂದಿನ ವಚನ, 8ನೇದು, ಗಂಡಸರಿಗೆ. ಕೋಪ, ಜಗಳ ಇಲ್ಲದೆ ಕೈಯೆತ್ತಿ ಪ್ರಾರ್ಥನೆ ಮಾಡಿ ಅಂತ. ಸಭೆಯ ಚುನಾವಣೆ ಟೈಮಲ್ಲಿ ಆ ವಚನದ ಮೇಲೆ ಪ್ರಸಂಗ ಆಗಿದ್ದನ್ನ ನಾನು ಕೇಳಿಲ್ಲ.

ಹಾಗಂತ ಹೆಣ್ಮಕ್ಕಳೇ, ಏನು ಹಾಕಿದ್ರೂ ನಡೆಯುತ್ತೆ ಅಂತ ನಾನು ಹೇಳ್ತಿಲ್ಲ. ನಿಮ್ಮ ಲೆಕ್ಕಾನೂ ನಿಮ್ಮದೇ. ಆರಾಧನೆಗೆ ಹೊರಡುವಾಗ ಕನ್ನಡಿ ಮುಂದೆ ನಿಂತು ನಾನು ಇವತ್ತು ಯಾರನ್ನ ಭೇಟಿ ಮಾಡೋಕೆ ಹೋಗ್ತಿದೀನಿ ಅಂತ ನಿಮ್ಮನ್ನ ನೀವು ಕೇಳ್ಕೊಳ್ಳಿ. ಉತ್ತರ ನಿಮಗೆ ಗೊತ್ತಾಗುತ್ತೆ, ಬೇರೆಯವರು ಟೇಪ್ ಹಿಡ್ಕೊಂಡು ಅಳೆಯೋದು ಬೇಡ. ನಿಮಗೂ ಶೋಧನೆಗಳಿವೆ, ಅದನ್ನ ಸಭೆ ಯಾವತ್ತೂ ಮಾತಾಡಲ್ಲ, ಹುಡುಗಿಯರಿಗೆ ಆಸೇನೇ ಇಲ್ಲ ಅನ್ನೋ ಹಾಗೆ ಮಾತಾಡ್ತೀವಿ. ಮದುವೆ ಆದವನ ಜೊತೆ ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪಲ್ಲಿ ಪ್ರೇಯರ್ ರಿಕ್ವೆಸ್ಟ್ ಅಂತ ಶುರುವಾಗಿ ಎಲ್ಲಿಗೋ ಹೋಗೋ ಮಾತುಕತೆ, ನಾಲ್ಕು ಜನ ನನ್ನ ಕಡೆ ತಿರುಗಬೇಕು ಅನ್ನೋ ಹಂಬಲ, ಇನ್ನೊಬ್ಬಳ ಬಗ್ಗೆ ಹಬ್ಬಿಸೋ ಮಾತು, ಇವು ಮೈತುಂಬಾ ಬಟ್ಟೆ ಉಟ್ಟಾಗಲೂ ನಡೆಯುತ್ತೆ. ದೊಡ್ಡವರಿಗೆ ಒಂದು ಮಾತು. ಒಂದು ಹುಡುಗಿಯ ಬಟ್ಟೆ ನಿಜವಾಗ್ಲೂ ಸರಿ ಇಲ್ಲ ಅನ್ನಿಸಿದ್ರೆ ಅವಳನ್ನ ಪ್ರೀತಿಸೋ ಒಬ್ಬ ಅಕ್ಕ, ಅತ್ತೆ, ಚಿಕ್ಕಮ್ಮ ಒಬ್ಬರೇ ಪಕ್ಕಕ್ಕೆ ಕರೆದು ಹೇಳಲಿ. ಪ್ರಸಂಗಪೀಠದಿಂದ ಬೇಡ, ಮೈಕಲ್ಲಿ ಬೇಡ.

ಬಟ್ಟೆ ಅಂದಾಗ ನನಗೆ ತಿರುವಾಂಕೂರಿನ ನಾಡಾರ್ ಹೆಂಗಸರು ನೆನಪಾಗ್ತಾರೆ. ಇದು ಸ್ವಲ್ಪ ದಾರಿ ಬಿಟ್ಟ ಮಾತು ಅನ್ಸಬಹುದು, ಆದ್ರೆ ನಮ್ಮದೇ ಕುಟುಂಬದ ಕತೆ. ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನ ಕಳಿಸಿದ ಅದೇ ಲಂಡನ್ ಮಿಷನ್ ಆ ಕಾಲದಲ್ಲೇ ನಾಗರಕೋಯಿಲ್ ಕಡೆ ಕೆಲಸ ಮಾಡ್ತಿತ್ತು, ಆಮೇಲೆ 1947ರಲ್ಲಿ ಎಲ್ಲಾ ಸೇರಿ ಸಿಎಸ್‌ಐ, ಅಂದ್ರೆ ದಕ್ಷಿಣ ಭಾರತ ಸಭೆ, ಆಯ್ತು. ತಿರುವಾಂಕೂರಲ್ಲಿ ನಾಡಾರ್ ಹೆಂಗಸರು, ಇನ್ನೂ ಕೆಳಗಿನವರು ಅಂತ ಕರೆಸಿಕೊಂಡ ಜಾತಿಯ ಹೆಂಗಸರು, ಮೇಲ್ಜಾತಿಯವರ ಮುಂದೆ ಎದೆ ಮುಚ್ಚಿಕೊಳ್ಳೋ ಹಾಗಿರಲಿಲ್ಲ, ಅದೇ ಗೌರವ ಕೊಡೋ ರೀತಿ ಅಂತಿದ್ರು. ಕ್ರೈಸ್ತರಾದ ಹೆಂಗಸರು ಜಾಕೆಟ್ ಹಾಕಿದ್ರು, ಮೇಲುವಸ್ತ್ರ ಹೊದ್ರು. ಬೀದೀಲಿ, ಸಂತೇಲಿ ಅದನ್ನ ಎಳೆದು ಹರಿದ್ರು, ಚರ್ಚುಗಳಿಗೆ ಬೆಂಕಿ ಬಿತ್ತು. ಹಲವು ದಶಕ ಹೋರಾಡಿದ ಮೇಲೆ 1859ರಲ್ಲಿ ರಾಜರ ಘೋಷಣೆ ಬಂತು, ಅದರಲ್ಲೂ ಮೇಲ್ಜಾತಿ ಹೆಂಗಸರ ಹಾಗೆ ಮಾತ್ರ ಉಡಬಾರದು ಅಂತ ಷರತ್ತು. ಯೋಚನೆ ಮಾಡಿ, ಆ ತಾಯಂದಿರು ಮುಚ್ಚಿಕೊಳ್ಳೋಕೆ ಹೊಡೆತ ತಿಂದ್ರು, ಯಾಕಂದ್ರೆ ತಮ್ಮ ಮೈ ಮೇಲಿನ ತೀರ್ಮಾನ ತಮ್ಮದು ಅಂತ ಅವರಿಗೆ ಗೊತ್ತಿತ್ತು, ದೇವರ ರೂಪದಲ್ಲಿ ಸೃಷ್ಟಿಯಾದವರು ನಾವು ಅಂತ ಅವರು ಚರ್ಚಲ್ಲಿ ಕೇಳಿದ್ರು. ಬಿಚ್ಚು ಅಂತ ಅಪ್ಪಣೆ ಮಾಡಿದವರೂ ಮುಚ್ಚು ಅಂತ ಗದರಿಸೋರೂ ಇಬ್ಬರೂ ಅವಳನ್ನ ಕೇಳಲ್ಲ. ಆ ತಾಯಂದಿರ ಜಾಕೆಟ್ಟಿಗೆ ಇದ್ದ ಘನತೆ ನಮ್ಮ ಹುಡುಗಿಯರ ಬಟ್ಟೆಗೂ ಬರಬೇಕು ಅಂದ್ರೆ ಅದು ಅವರೇ ಮನಸ್ಸಿಂದ ಆರಿಸಿಕೊಂಡಿದ್ದಾಗಿರಬೇಕು.

ಸರಿ, ಅಡ್ಡಗಲ್ಲಿನ ವಾದಕ್ಕೆ ಬರೋಣ, ಎಲ್ಡರೊಬ್ಬರು ಟೀ ಟೈಮಲ್ಲೇ ಕೇಳಿದ್ರು, ರೋಮಾ 14ರಲ್ಲಿ ತಮ್ಮನಿಗೆ ಅಡ್ಡಗಲ್ಲಾಗಬೇಡಿ ಅಂತ ಇದೆಯಲ್ಲಮ್ಮಾ ಅಂತ. ಇದೆ, ಖಂಡಿತ ಇದೆ. ಅಲ್ಲಿ ಪೌಲ ಹೇಳೋದು ಬಲ ಇದ್ದವರಿಗೆ, ಬಲ ಇಲ್ಲದವರಿಗೋಸ್ಕರ ನಿಮ್ಮ ಹಕ್ಕು ಬಿಟ್ಟುಕೊಡಿ ಅಂತ, 1 ಕೊರಿಂಥ 8ರಲ್ಲಿ ನನ್ನ ಸಹೋದರನಿಗೆ ತೊಂದರೆ ಆಗೋದಾದ್ರೆ ನಾನು ಮಾಂಸಾನೇ ತಿನ್ನಲ್ಲ ಅಂತ ತಾನೇ ಮುಂದೆ ಬಂದು ಹೇಳ್ತಾನೆ. ಈಗ ನಮ್ಮ ಸಭೇಲಿ ಬಲ ಯಾರಿಗಿದೆ? ಐವತ್ತು ವರ್ಷದ ಎಲ್ಡರಿಗೋ ಹದಿನೈದು ವರ್ಷದ ಸಂಡೇ ಸ್ಕೂಲ್ ಹುಡುಗಿಗೋ? ಆ ವಚನವನ್ನ ಎಲ್ಡರು ಹುಡುಗಿಗೆ ಹೇಳೋದಾದ್ರೆ ಅದನ್ನ ತಲೆಕೆಳಗೆ ಹಿಡಿದು ಓದಿದ ಹಾಗೆ. ಮತ್ತಾಯ 18ರಲ್ಲಿ ಈ ಚಿಕ್ಕವರಲ್ಲಿ ಒಬ್ಬರಿಗೆ ಅಡ್ಡಿಯಾಗೋನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕೋದು ಮೇಲು ಅಂತ ಯೇಸು ಹೇಳಿದ್ದು ದೊಡ್ಡವರಿಗೆ.

ಇನ್ನು ನಿಯಮಗಳು. 1948ರಲ್ಲಿ ಅಮೆರಿಕದ ಪ್ರಸಂಗಿ ಬಿಲ್ಲಿ ಗ್ರಹಾಂ ಮತ್ತು ಜೊತೆಯವರು ಕ್ಯಾಲಿಫೋರ್ನಿಯಾದ ಮಡೆಸ್ಟೋ ಅನ್ನೋ ಊರಲ್ಲಿ ಕೂತು ದುಡ್ಡಿನ ವಿಷಯದಲ್ಲಿ, ಹೆಂಗಸರ ವಿಷಯದಲ್ಲಿ ಹೀಗಿರ್ತೀವಿ ಅಂತ ತಮಗೆ ತಾವೇ ನಿಯಮ ಹಾಕ್ಕೊಂಡ್ರು, ಹೆಂಡತಿ ಅಲ್ಲದ ಹೆಂಗಸಿನ ಜೊತೆ ಒಬ್ಬರೇ ಇರೋದು ಬೇಡ ಅಂತ. ತಮ್ಮ ಬಗ್ಗೆ ತಾವು ಎಚ್ಚರ ಇಟ್ಕೊಂಡ್ರು, ನನಗೆ ಅದರ ಮೇಲೆ ಗೌರವ ಇದೆ. ಆದ್ರೆ ನಿಯಮ ಇದ್ದ ಮಾತ್ರಕ್ಕೆ ಸಾಲಲ್ಲ. ಮದ್ರಾಸಲ್ಲಿ ಹುಟ್ಟಿದ ರವಿ ಜಕರಾಯಸ್ ಅವರ ಪ್ರಸಂಗ ಕೇಳಿ ನಂಬಿಕೆಯಲ್ಲಿ ಬೆಳೆದವರು ಈ ಹಾಲಲ್ಲೂ ಇರಬಹುದು. ಅವರೂ ಹಾಗೆ ಎಚ್ಚರವಾಗಿರ್ತೀನಿ ಅಂತಾನೇ ಹೇಳ್ತಿದ್ರು. 2020ರಲ್ಲಿ ತೀರಿಕೊಂಡ್ರು, 2021ರ ಫೆಬ್ರವರಿಯಲ್ಲಿ ಅವರದೇ ಸಂಸ್ಥೆ ನೇಮಿಸಿದ ವಕೀಲರ ತನಿಖಾ ವರದಿ ಬಂತು, ಮಸಾಜ್ ಮಾಡೋ ಹೆಂಗಸರ ಮೇಲೆ ಅವರು ಲೈಂಗಿಕ ದೌರ್ಜನ್ಯ ನಡೆಸಿದ್ದನ್ನ ಹೇಳ್ತು. ಅದಕ್ಕೂ ಕೆಲವು ವರ್ಷ ಮುಂಚೆ ಒಬ್ಬ ಹೆಂಗಸು ಬಾಯಿಬಿಟ್ಟಾಗ ಸಂಸ್ಥೆ ಜಕರಾಯಸ್ ಅವರ ಪರವಾಗೇ ನಿಂತಿತ್ತು. ಅವರ ಸುತ್ತ ನಿಯಮ ಇತ್ತು, ನಾತಾನ ಇರಲಿಲ್ಲ.

ಅದಕ್ಕೇ ಸಭೆಯ ಹಿರಿಯರನ್ನ ಕೇಳ್ಕೋತೀನಿ. ಅಯ್ಯನವರು, ಅಂದ್ರೆ ಪಾಸ್ಟರು, ಆಪ್ತ ಸಮಾಲೋಚನೆ ಮಾಡೋ ರೂಮಿನ ಬಾಗಿಲಿಗೆ ಗಾಜು ಹಾಕಿಸಿ, ಅದು ಅಯ್ಯನವರಿಗೂ ರಕ್ಷಣೆ. ಹಾಗಂತ ಹೆಂಗಸರ ಜೊತೆ ಮಾತೇ ಆಡದ ಹಾಗೆ ದೂರ ಇಡಬೇಡಿ. ಯೇಸು ಸಮಾರ್ಯದ ಬಾವಿ ಹತ್ರ ಒಬ್ಬಳೇ ಇದ್ದ ಹೆಂಗಸಿನ ಜೊತೆ ಮಾತಾಡಿದ್ರು, ಶಿಷ್ಯರಿಗೇ ಆಶ್ಚರ್ಯ ಆಯ್ತು. ಸೀಮೋನನ ಮನೇಲಿ ಊರೆಲ್ಲಾ ಪಾಪಿ ಅಂತಿದ್ದ ಹೆಂಗಸು ತಲೆಗೂದಲು ಬಿಚ್ಚಿ ಪಾದ ಒರೆಸಿದಾಗ ಯೇಸು ಕಾಲು ಎಳೆದುಕೊಳ್ಳಲಿಲ್ಲ. ಈ ಹೆಂಗಸನ್ನ ನೋಡ್ತಿದ್ದೀಯಾ ಅಂತ ಸೀಮೋನನ್ನೇ ಕೇಳಿದ್ರು. ಅವನು ಆಗಿಂದ ನೋಡ್ತಾನೇ ಇದ್ದ, ಆದ್ರೆ ಅವನಿಗೆ ಕಂಡಿದ್ದು ಅವಳ ಕೆಟ್ಟ ಹೆಸರು. ಪೌಲ ತಿಮೊಥೆಯನಿಗೆ ಹೇಳಿದ್ದೂ ಅಷ್ಟೇ, ವಯಸ್ಸಾದ ಹೆಂಗಸರನ್ನ ತಾಯಂದಿರ ಹಾಗೆ, ಚಿಕ್ಕವರನ್ನ ಪೂರ್ಣ ಶುದ್ಧತೆಯಿಂದ ತಂಗಿಯರ ಹಾಗೆ ನೋಡು ಅಂತ. ತಂಗಿ ಮನೇಲಿ ಓಡಾಡಿದ್ರೆ ಯಾರೂ ಹೆದರಿ ಆಚೆ ಹೋಗಲ್ಲವಲ್ಲ.

ಒಂದು ಹುಡುಗಿ ಬಂದು ಆ ಅಂಕಲ್ ಮುಟ್ಟಿದ್ರು ಅಂತ ಹೇಳಿದ್ರೆ ನಮ್ಮ ಬಾಯಿಂದ ಬರೋ ಮೊದಲ ಪ್ರಶ್ನೆ ನೀನು ಏನು ಹಾಕಿದ್ದೆ ಅಂತ ಆಗಬಾರದು. ಎರಡನೇದು ಸಭೆ ಮರ್ಯಾದೆ ಹೋಗುತ್ತೆ ಅಂತ ಆಗಬಾರದು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳು ಅಂತ ಒಬ್ಬಳನ್ನೇ ಯೇಸು ಹತ್ರ ಎಳ್ಕೊಂಡು ಬಂದ್ರಲ್ಲಾ, ಯೋಹಾನ 8, ಯಾಜಕಕಾಂಡ 20:10ರ ಪ್ರಕಾರ ಗಂಡಸನ್ನೂ ತರಬೇಕಿತ್ತು, ಅವನು ಎಲ್ಲಿ ಹೋದ ಅನ್ನೋದು ಇವತ್ತಿನವರೆಗೂ ಗೊತ್ತಿಲ್ಲ. ನಮ್ಮ ಸಭೆಗಳಲ್ಲಿ ಆ ಗಂಡಸಿಗೆ ಹಾಗೆ ಮಾಯ ಆಗೋಕೆ ಬಿಡಬೇಡಿ. ಮತ್ತೆ ಇದು ಬರೀ ಸಭೆಯೊಳಗಿನ ಮಾತಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸಲೇಬೇಕು, ಕ್ಷಮಿಸಿಬಿಡು ಅಂತ ಪ್ರಾರ್ಥನೆ ಮಾಡಿ ಕಳಿಸೋ ಹಾಗಿಲ್ಲ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಾಗೋ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ದೂರು ಕೇಳೋ ಸಮಿತಿ ಇರಬೇಕು, ಮಿಷನ್ ಸ್ಕೂಲು, ಆಸ್ಪತ್ರೆ ಎಲ್ಲಾ ಇದರಲ್ಲಿ ಬರುತ್ತೆ.

ಕೊನೇಲಿ ಒಬ್ಬ ತಾಯಿ ಚೀಟೀಲಿ ಬರೆದು ಕಳಿಸಿದಾರೆ, ನನ್ನ ಮಗನಿಗೆ ಹದಿನಾಲ್ಕು, ಇದನ್ನೆಲ್ಲಾ ಹೇಗೆ ಹೇಳಲಿ ಅಂತ. ಅಮ್ಮಾ, ನೀವು ಒಬ್ಬರೇ ಹೇಳಬೇಡಿ, ಅವರಪ್ಪನಿಗೂ ಹೇಳಿಸಿ, ಗಂಡಸರು ಈ ಮಾತನ್ನ ಗಂಡುಮಕ್ಕಳ ಹತ್ರ ಆಡದೇ ಇರೋದೇ ಅರ್ಧ ತೊಂದರೆ. ದಾವೀದನ ಕತೆ ಅವನ ಜೊತೆ ಕೂತು ಓದಿ, ಎಲ್ಲಿ ನಿಲ್ಲಿಸಬಹುದಿತ್ತು ಅಂತ ಅವನನ್ನೇ ಕೇಳಿ, ಅವನೇ ಹೇಳ್ತಾನೆ. ಫೋನು ರಾತ್ರಿ ಹಾಲಲ್ಲಿ ಚಾರ್ಜಿಗೆ ಇರಲಿ, ನಿಮ್ಮದೂ ಅವರಪ್ಪನದೂ ಅಲ್ಲೇ ಇರಲಿ. ಕಮಿಟಿಯವರು ಇದೇ ವಾರ ಮಾಡಬಹುದಾದ್ದು ಒಂದಿದೆ, ಹುಡುಗಿಯರಾಗಲಿ ಹುಡುಗರಾಗಲಿ ಹೆದರದೆ ಫೋನ್ ಮಾಡಬಹುದಾದ ಇಬ್ಬರು ಹೆಂಗಸರ ನಂಬರನ್ನ ಅವರನ್ನ ಕೇಳಿ ನೋಟಿಸ್ ಬೋರ್ಡಿಗೆ ಹಾಕಿ, ಅದರ ಕೆಳಗೆ ಮಕ್ಕಳ ಸಹಾಯವಾಣಿ 1098 ಅಂತಾನೂ ದಪ್ಪಕ್ಷರದಲ್ಲಿ ಬರೀರಿ.